ಶನಿವಾರದ ಅಭ್ಯಾಸ: ಟೇಬಲ್‌ಗೆ ಮುಂಚೆ ಡೇಟಾ ಮಾಡೆಲ್

ಎಲ್ಲರಿಗೂ ನಮಸ್ಕಾರ. ಈ ಸಲ ನಮ್ಮ ಬೆಂಗಳೂರಿನ ಸಿಟಿ ಬಸ್ಸನ್ನೇ ಉದಾಹರಣೆಗೆ ತಗೊಳ್ಳೋಣ. ಡೇಟಾಬೇಸಿನಲ್ಲಿ ಯಾವ ಮಾಹಿತಿ ಇರಬೇಕು, ಅದನ್ನು ಹೇಗೆ ಜೋಡಿಸಬೇಕು ಎಂಬ ನಕ್ಷೆಯೇ ಡೇಟಾ ಮಾಡೆಲ್. ದಯವಿಟ್ಟು ಅದಿಲ್ಲದೆ ನೇರವಾಗಿ ಕ್ರಿಯೇಟ್ ಟೇಬಲ್‌ಗೆ (ಟೇಬಲ್ ರಚಿಸುವ ಕಮಾಂಡಿಗೆ) ಕೈ ಹಾಕಬೇಡಿ.

ಮೊದಲು ಹಾಳೆಯ ಮೇಲೆ ಕಾನ್ಸೆಪ್ಚುವಲ್ ಮಾಡೆಲ್: ಮಾರ್ಗ, ನಿಲ್ದಾಣ, ಬಸ್ಸು, ಅವುಗಳ ಸಂಬಂಧ, ಅಷ್ಟೇ. 1976ರಲ್ಲಿ ಪೀಟರ್ ಚೆನ್ ಕೊಟ್ಟ ಇ-ಆರ್ (ಎಂಟಿಟಿ-ರಿಲೇಷನ್‌ಶಿಪ್, ಅಂದರೆ ವಸ್ತುಗಳು ಮತ್ತು ಸಂಬಂಧಗಳ) ಚಿತ್ರ ಸಾಕು.

ಹೆಚ್ಚು ಹೊತ್ತು ಕೊಡಬೇಕಾದ್ದು ಲಾಜಿಕಲ್ ಮಾಡೆಲ್‌ಗೆ, ಅಂದರೆ ಆ ಸಂಬಂಧಗಳನ್ನು ಯಾವ ರಚನೆಯಲ್ಲಿ ಇಡಬೇಕು ಎಂಬುದಕ್ಕೆ. ಒಂದು ಮಾರ್ಗಕ್ಕೆ ಹಲವು ನಿಲ್ದಾಣ. ಮೆಜೆಸ್ಟಿಕ್ ಒಂದಕ್ಕೇ ನೂರಾರು ಮಾರ್ಗ. ಹಳೆಯ ಹೈರಾರ್ಕಿಕಲ್ (ಮರದ ಕೊಂಬೆಗಳಂತೆ ಕವಲೊಡೆಯುವ) ಮಾಡೆಲ್‌ನಲ್ಲಿ ಚೈಲ್ಡ್ (ಕೆಳಗಿನ) ರೆಕಾರ್ಡಿಗೆ ಮೇಲೆ ಒಂದೇ ಪೇರೆಂಟ್, ಹಾಗಾಗಿ ಮೆಜೆಸ್ಟಿಕ್ಕನ್ನು ಪ್ರತಿ ಮಾರ್ಗದಡಿ ಮತ್ತೆ ಮತ್ತೆ ಬರೆಯಬೇಕಾಗುತ್ತದೆ. 1970ರಲ್ಲಿ ಎಡ್ಗರ್ ಕಾಡ್ ಮಂಡಿಸಿದ ರಿಲೇಷನಲ್ (ಎಲ್ಲವನ್ನೂ ಟೇಬಲ್‌ಗಳಲ್ಲಿಡುವ) ಮಾಡೆಲ್‌ನಲ್ಲಾದರೆ ಮಾರ್ಗ, ನಿಲ್ದಾಣ ಟೇಬಲ್‌ಗಳ ನಡುವೆ ಮೂರನೇ ಟೇಬಲ್: ಮಾರ್ಗ, ನಿಲ್ದಾಣ, ಕ್ರಮಸಂಖ್ಯೆ. ಅದರ ಪ್ರೈಮರಿ ಕೀ (ಪ್ರತಿ ಸಾಲನ್ನು ಬೇರೆಯಾಗಿ ಗುರುತಿಸುವ, ಎರಡು ಸಲ ಬರಬಾರದ ಮೌಲ್ಯ) ಮಾರ್ಗ+ನಿಲ್ದಾಣ ಅಲ್ಲ, ಮಾರ್ಗ+ಕ್ರಮಸಂಖ್ಯೆ. ಇಲ್ಲವಾದರೆ, ಸುತ್ತಿ ಬರುವ ಬಸ್ಸು ಹೊರಟ ನಿಲ್ದಾಣಕ್ಕೇ ಮರಳುವ ಸಾಲನ್ನು ಸೇರಿಸುವಾಗ ಡೂಪ್ಲಿಕೇಟ್ ಎಂದು ಎರರ್ ಬರುತ್ತದೆ. ತುಂಬ ಜನ ಎಡವುವುದು ಇಲ್ಲೇ.

ಕೊನೆಗೆ, ನಿಜವಾದ ಡೇಟಾಬೇಸಿಗೆ ತಕ್ಕಂತೆ ಮಾಡುವ ಫಿಸಿಕಲ್ ಮಾಡೆಲ್‌ನಲ್ಲಿ ಡೇಟಾ ಟೈಪ್ (ಮಾಹಿತಿಯ ಬಗೆ), ಇಂಡೆಕ್ಸ್ (ಬೇಗ ಹುಡುಕಲು ಸೂಚಿ). ಕಂಡಕ್ಟರ್ ಮೊಬೈಲ್ ನಂಬರಿಗೆ ಇಂಟ್ (ಪೂರ್ಣಾಂಕದ ಟೈಪ್) ಬೇಡ: ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸಾಫ್ಟ್‌ವೇರಿನಲ್ಲಿ ಅದರ ಮಿತಿ 2147483647, ಅನ್‌ಸೈನ್ಡ್ (ಋಣಸಂಖ್ಯೆ ಇಲ್ಲದಂತೆ) ಮಾಡಿದರೂ ನಮ್ಮ 10 ಅಂಕಿಯ ನಂಬರುಗಳು ಹಿಡಿಸುವುದಿಲ್ಲ. ವಾರ್‌ಚಾರ್ (ಅಕ್ಷರಗಳ ಟೈಪ್) ಹಾಕಿ.

ಶುಕ್ರವಾರ ರಾತ್ರಿಯೊಳಗೆ ನಿಮ್ಮ ಚಿತ್ರದ ಫೋಟೊ ಇಲ್ಲೇ ಹಾಕಿ.