ಯುದ್ಧ ಸಾರುವ ಅಧಿಕಾರ ನಿಮ್ಮದು, ಅಧ್ಯಕ್ಷರದಲ್ಲ

ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ನಮ್ಮ ಕ್ಷೇತ್ರದ ಪರವಾಗಿ ಕುಳಿತಿರುವ ಮಾನ್ಯ ಸದಸ್ಯರಿಗೆ,

ಅಧ್ಯಕ್ಷರು ಸೇನೆಯ ಮಹಾದಂಡನಾಯಕರು, ಆದ್ದರಿಂದ ಯುದ್ಧದ ತೀರ್ಮಾನವೂ ಅವರದೇ ಎಂಬ ವಾದ ಪದೇ ಪದೇ ಕಿವಿಗೆ ಬೀಳುತ್ತಿದೆ. ಅದು ಅರಸರಿಗೆ ಒಪ್ಪುವ ಮಾತು.

ಹದಿನೆಂಟನೆಯ ಶತಮಾನದ ಬ್ರಿಟನ್ನಿನ ದೊರೆ ಯಾರನ್ನೂ ಕೇಳದೆ ಯುದ್ಧ ಸಾರಬಹುದಿತ್ತು, ಸಂಧಿ ಮಾಡಿಕೊಳ್ಳಬಹುದಿತ್ತು. ಹಣ ಕೊಡುವುದು, ಶಾಂತಿಕಾಲದಲ್ಲಿ ಸೈನ್ಯ ಇಡಲು ಒಪ್ಪುವುದು ಸಂಸತ್ತಿನ ಕೈಯಲ್ಲಿತ್ತು, ಅಷ್ಟೇ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆದವರು ಈ ರಾಜಾಧಿಕಾರವನ್ನು ಬೇಕೆಂದೇ ಒಡೆದರು. ಯುದ್ಧ ಸಾರುವುದು, ಸೈನ್ಯ ಕಟ್ಟುವುದು, ಹಣ ಒದಗಿಸುವುದು ಕಾಂಗ್ರೆಸ್ಸಿನ, ಅಂದರೆ ಅಮೆರಿಕದ ಸಂಸತ್ತಿನ, ಪಾಲಾಯಿತು. ಭೂಸೇನೆಗೆ ಮಂಜೂರು ಮಾಡುವ ಹಣವೂ ಎರಡು ವರ್ಷದ ಅವಧಿ ಮೀರುವಂತಿಲ್ಲ. ಹಠಾತ್ ದಾಳಿಯನ್ನು ಹಿಮ್ಮೆಟ್ಟಿಸುವುದು, ಯುದ್ಧ ನಡೆದಾಗ ಸೇನೆಯನ್ನು ಮುನ್ನಡೆಸುವುದು ಅಧ್ಯಕ್ಷರಿಗೆ ಉಳಿಯಿತು. ಯುದ್ಧಾಧಿಕಾರ ಅಧ್ಯಕ್ಷರಿಗೇ ಇರಲಿ ಎಂದು ಆ ಸಭೆಯ ಪ್ರತಿನಿಧಿ ಪಿಯರ್ಸ್ ಬಟ್ಲರ್ ಸೂಚಿಸಿದಾಗ, ಗಣರಾಜ್ಯವೊಂದರಲ್ಲಿ ಇಂಥ ಸಲಹೆ ಕೇಳಬೇಕಾದೀತೆಂದು ತಾನು ಎಣಿಸಿರಲೇ ಇಲ್ಲ ಎಂದರು ಮತ್ತೊಬ್ಬ ಪ್ರತಿನಿಧಿ ಎಲ್ಬ್ರಿಜ್ ಗೆರಿ. ಆ ದಿಗಿಲು ನನಗೆ ಇಂದಿಗೂ ಸರಿ ಎನಿಸುತ್ತದೆ.

ಕಾಂಗ್ರೆಸ್ ಕೊನೆಯ ಬಾರಿ ವಿಧ್ಯುಕ್ತವಾಗಿ ಯುದ್ಧ ಸಾರಿದ್ದು 1942ರಲ್ಲಿ. 1950ರಲ್ಲಿ ಟ್ರೂಮನ್ ಕೊರಿಯಾಕ್ಕೆ ಸೈನ್ಯ ಕಳುಹಿಸಿದಾಗ ಕಾಂಗ್ರೆಸ್ಸಿನ ಅನುಮತಿ ಪಡೆಯಲಿಲ್ಲ. ವಿಯೆಟ್ನಾಮಿನ ನೋವಿನ ನಂತರ, 1973ರಲ್ಲಿ, ನಿಕ್ಸನ್ನರ ವೀಟೊವನ್ನೂ ಮೀರಿ ನಿಮ್ಮ ಹಿಂದಿನವರು 60 ದಿನಗಳ ಗಡುವಿನ ಕಾನೂನು ತಂದರು: ಅಷ್ಟರೊಳಗೆ ಕಾಂಗ್ರೆಸ್ ಒಪ್ಪದಿದ್ದರೆ ಅಧ್ಯಕ್ಷರು ಕಾಳಗ ನಿಲ್ಲಿಸಬೇಕು. 2011ರಲ್ಲಿ ಲಿಬಿಯಾದ ಮೇಲೆ ಬಾಂಬ್ ಬೀಳುತ್ತಿದ್ದಾಗ ಆ ಗಡುವು ಮುಗಿಯಿತು. ಈ ಕಾರ್ಯಾಚರಣೆ ಕಾನೂನಿನ ವ್ಯಾಪ್ತಿಗೇ ಬರುವುದಿಲ್ಲವೆಂದು ಒಬಾಮಾ ಸರ್ಕಾರ ವಾದಿಸಿತು. ಪಕ್ಷ ಯಾವುದಾದರೇನು, ಅಧ್ಯಕ್ಷರ ಕೈ ಚಾಚುತ್ತಲೇ ಇದೆ.

ನನ್ನನ್ನು ಹೆಚ್ಚು ಕಾಡುವುದು 2019ರ ಘಟನೆ. ಯೆಮನ್ ಯುದ್ಧಕ್ಕೆ ಅಮೆರಿಕದ ನೆರವು ನಿಲ್ಲಬೇಕೆಂದು ಎರಡೂ ಸದನಗಳು ಬಹುಮತದಿಂದ ನಿರ್ಣಯಿಸಿದವು. ಟ್ರಂಪ್ ವೀಟೊ ಹಾಕಿದರು, ಅದನ್ನು ಮೀರಲು ಬೇಕಾದ ಮೂರನೇ ಎರಡರಷ್ಟು ಮತ ಸೆನೆಟ್ಟಿನಲ್ಲಿ ಸಿಗಲಿಲ್ಲ. ಅಂದರೆ ಯುದ್ಧಕ್ಕೆ ಇಳಿಯಲು ಒಬ್ಬರ ಮನಸ್ಸು ಸಾಕು, ಹೊರಬರಲು ಎರಡೂ ಸದನಗಳ ಬಹುಮತವೂ ಸಾಲದು! ಆ ದೊರೆಯ ನಾಡಾದ ಬ್ರಿಟನ್ನಿನಲ್ಲೇ, 2013ರಲ್ಲಿ, ಸಿರಿಯಾ ಮೇಲಿನ ದಾಳಿಗೆ ಸಂಸತ್ತಿನ ಕೆಳಮನೆ ಒಪ್ಪದಿದ್ದಾಗ ಪ್ರಧಾನಿ ಕ್ಯಾಮರೂನ್ ತಲೆಬಾಗಿದ್ದರು.

ಹಣದ ಹಿಡಿತ ಇನ್ನೂ ನಿಮ್ಮಲ್ಲಿದೆ. ಕಾಂಗ್ರೆಸ್ ಮತ ಹಾಕಿ ಒಪ್ಪದ ಯುದ್ಧಕ್ಕೆ 60 ದಿನಗಳ ನಂತರ ಹಣ ತಾನಾಗಿ ನಿಲ್ಲುವಂತೆ ಮಸೂದೆ ತನ್ನಿ. ಸೆಪ್ಟೆಂಬರ್ 11ರ ದಾಳಿಯ ನಂತರ ಸೇನಾಬಲ ಬಳಸಲು, ಕೊನೆಯ ದಿನಾಂಕವನ್ನೇ ನಮೂದಿಸದೆ, 2001ರಲ್ಲಿ ಅಧ್ಯಕ್ಷರಿಗೆ ಕೊಟ್ಟ ಅನುಮತಿಗೆ ಅವಧಿ ಗೊತ್ತುಮಾಡಿ. ಮತ ಹೌದೋ ಅಲ್ಲವೋ, ನಿಮ್ಮ ಹೆಸರಿನೊಂದಿಗೆ ದಾಖಲಾಗಲಿ. ಮುಂದಿನ ಚುನಾವಣೆಯಲ್ಲಿ ಅದನ್ನು ನೋಡಿಯೇ ನಾನು ಮತ ಹಾಕುತ್ತೇನೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ