ಮಹಾಪ್ರಾಣ ಬೇಕಾದ ದ್ವೀಪ

ತೈಪೆಯ ಮೆಟ್ರೋದಲ್ಲಿ ಮುಂದಿನ ನಿಲ್ದಾಣದ ಹೆಸರು ನಾಲ್ಕು ಸಲ ಕೇಳಿಸುತ್ತದೆ. ಮೊದಲ ದಿನ ನಮ್ಮ ಗುಂಪಿನವರೊಬ್ಬರು ಯಂತ್ರ ಎಲ್ಲೋ ಕಚ್ಚಿಕೊಂಡು ಹೇಳಿದ್ದನ್ನೇ ಹೇಳುತ್ತಿದೆ ಎಂದು ನಕ್ಕರು. ಕಿವಿಗೊಟ್ಟಾಗ ಅದು ನಾಲ್ಕು ಭಾಷೆಗಳ ಪ್ರಕಟಣೆ ಎಂಬುದು ತಿಳಿಯಿತು: ಮ್ಯಾಂಡರಿನ್, ಇಂಗ್ಲಿಷ್, ತೈವಾನೀಸ್ ಎಂದೇ ಅಲ್ಲಿಯವರು ಕರೆಯುವ ಹೊಕ್ಕಿಯೆನ್ ಮತ್ತು ಹಕ್ಕಾ. ಸಿಂಗಪುರದಲ್ಲಿ ನೆಲೆಸಿ ನಾಲ್ಕು ಭಾಷೆಗಳ ಫಲಕಗಳಿಗೆ ಒಗ್ಗಿಹೋಗಿರುವ ನಮಗೆ ಇದು ಆಶ್ಚರ್ಯವಾಗಬೇಕಿರಲಿಲ್ಲ. ಆದರೆ ಹೊರಡುವ ಮುನ್ನ ನಾವೆಲ್ಲ ತೈವಾನನ್ನು ಮ್ಯಾಂಡರಿನ್ ಮಾತನಾಡುವ ದ್ವೀಪ ಎಂದಷ್ಟೇ ತಿಳಿದಿದ್ದೆವು.

ಈ ಪ್ರಕಟಣೆಗಳ ಹಿಂದೆ 2000ನೇ ಇಸವಿಯ ಒಂದು ಕಾನೂನು ಇದೆ; ಅದಕ್ಕೂ ಹಿಂದೆ ಅಷ್ಟೇನೂ ಹಿತವಲ್ಲದ ಚರಿತ್ರೆಯಿದೆ. 1895ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿದ್ದ ದ್ವೀಪಕ್ಕೆ ಆಮೇಲೆ ಮ್ಯಾಂಡರಿನ್ ರಾಷ್ಟ್ರಭಾಷೆಯಾಗಿ ಬಂದಿತು. 1949ರಿಂದ 1987ರವರೆಗೆ ನಡೆದ ಸೇನಾ ಕಾನೂನಿನ ಕಾಲದಲ್ಲಿ, ಶಾಲೆಯಲ್ಲಿ ಮನೆಮಾತನ್ನಾಡಿದ ಮಕ್ಕಳಿಗೆ ದಂಡ ಹಾಕುವುದು, ಕೊರಳಿಗೆ ಹಲಗೆ ತೂಗುಹಾಕುವುದು ಸಾಮಾನ್ಯವಾಗಿತ್ತು. ಆ ಹಲಗೆ ತೊಟ್ಟಿದ್ದವರು ಈಗ ಅಜ್ಜ ಅಜ್ಜಿಯರಾಗಿ ಅದೇ ಮೆಟ್ರೋದಲ್ಲಿ ಕುಳಿತಿರುತ್ತಾರೆ, ಅವರ ಮನೆಮಾತು ಧ್ವನಿವರ್ಧಕದಲ್ಲಿ ಬರುತ್ತಿರುತ್ತದೆ. ಹಕ್ಕಾ ಪ್ರಕಟಣೆ ಬಂದಾಗಲೆಲ್ಲ ನಾನು ಸುತ್ತಲಿನ ಮುಖಗಳನ್ನು ನೋಡುತ್ತಿದ್ದೆ. ಒಬ್ಬರೂ ಫೋನಿನಿಂದ ತಲೆ ಎತ್ತಲಿಲ್ಲ. ಒಂದು ಭಾಷೆಗೆ ಸಿಗಬಹುದಾದ ಒಳ್ಳೆಯ ಸ್ಥಾನ ಬಹುಶಃ ಅದೇ ಇರಬೇಕು.

ಈ ಸಂಚಿಕೆಯಲ್ಲಿ ಪ್ರವಾಸದ ಅನುಭವ ಬರೆಯಿರಿ ಎಂದು ಕೆಲವು ಸದಸ್ಯರು ಕೇಳಿದ್ದರು. ನಮ್ಮವರಿಗೆ ಎಲ್ಲಕ್ಕಿಂತ ಮೊದಲು ಬೇಕಾಗುವುದು ಊಟದ ವಿಷಯ; ಊಟಕ್ಕೆ ಉಚ್ಚಾರ ಬೇಕು. ‘ನಾನು ಸಸ್ಯಾಹಾರಿ’ ಎನ್ನಲು ಮ್ಯಾಂಡರಿನ್‌ನಲ್ಲಿ ಮೂರೇ ಅಕ್ಷರ: ‘ವೊ ಛ್ ಸೂ’. ಮೊದಲ ರಾತ್ರಿ ನಾನು ಇದನ್ನು ‘ವೊ ಚ್ ಸೂ’ ಎಂದು ಮೂರು ಸಲ ಹೇಳಿದರೂ ಅಂಗಡಿಯಾಕೆಗೆ ತಿಳಿಯಲಿಲ್ಲ. ಗುಂಪಿನಲ್ಲಿ ಮೈಸೂರಿನಿಂದ ಮಗಳ ಮನೆಗೆ ಬಂದಿದ್ದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರಿದ್ದರು. ನನ್ನ ಕೈಯಲ್ಲಿದ್ದ ಚೀಟಿ ನೋಡಿ, ‘ಛತ್ರಿ ಅಂತೀರೋ ಚತ್ರಿ ಅಂತೀರೋ?’ ಎಂದು ಕೇಳಿ, ತಾವೇ ಮುಂದೆ ಹೋಗಿ ಎದೆಯಿಂದ ಉಸಿರು ತಳ್ಳಿ ಹೇಳಿದರು. ಆಕೆ ತಕ್ಷಣ ತಲೆಯಾಡಿಸಿ ಬೇರೆ ಬಾಣಲೆ ಇಳಿಸಿದಳು.

ಮೇಷ್ಟ್ರು ಹಿಡಿದ ಎಳೆ ಸರಿಯಾದದ್ದೇ. ಮ್ಯಾಂಡರಿನ್‌ನಲ್ಲಿ ನಮ್ಮ ಗ, ದ, ಬ ಎಂಬ ಘೋಷಾಕ್ಷರಗಳಿಲ್ಲ. ಅಲ್ಲಿನ ಭೇದವೆಲ್ಲ ಕ–ಖ, ತ–ಥ, ಪ–ಫ ಎಂಬ ಅಲ್ಪಪ್ರಾಣ ಮಹಾಪ್ರಾಣಗಳದು. ರೋಮನ್ ಲಿಪಿಯ ಹಳೆಯ ಬರವಣಿಗೆಯಲ್ಲಿ ಮಹಾಪ್ರಾಣವನ್ನು ಅಕ್ಷರದ ಪಕ್ಕದ ಒಂದು ಸಣ್ಣ ಗುರುತಿನಿಂದ ತೋರಿಸುತ್ತಿದ್ದರು. ಕಾಲಾಂತರದಲ್ಲಿ ಆ ಗುರುತು ಉದುರಿಹೋದದ್ದರಿಂದ, ನಾವು ತೈಪೆ ಎನ್ನುವ ಊರು ಅವರ ಬಾಯಲ್ಲಿ ‘ಥಾಯ್‌ಪೇಯ್’ ಎಂದಿದ್ದರೂ ಓದುವವರಿಗೆ ಗೊತ್ತಾಗುವುದಿಲ್ಲ. ಆಡುಮಾತಿನಲ್ಲಿ ಮಹಾಪ್ರಾಣಗಳನ್ನು ಸಡಿಲಬಿಟ್ಟಿರುವ ನಾವು ಅಲ್ಲಿ ಒಂದು ವಾರ ಅವನ್ನು ಬಿಗಿಮಾಡಿಕೊಳ್ಳಬೇಕು, ಅಷ್ಟೆ. ಸ್ವರಾಘಾತ ಇನ್ನೊಂದು ಕಷ್ಟ: ‘ಮಾಯ್’ ಎಂಬುದನ್ನು ತಗ್ಗಿಸಿ ಹೇಳಿದರೆ ಕೊಳ್ಳುವುದು, ಮೇಲಿನಿಂದ ಥಟ್ಟನೆ ಇಳಿಸಿದರೆ ಮಾರುವುದು. ಇದಕ್ಕೆ ವರ್ಣಮಾಲೆ ನೆರವಾಗುವುದಿಲ್ಲ.

ವರ್ಣಮಾಲೆಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಲೇಬೇಕು. ತೈವಾನಿನ ಮಕ್ಕಳು ಚಿತ್ರಲಿಪಿಗೆ ಮೊದಲು 37 ಧ್ವನಿಚಿಹ್ನೆಗಳನ್ನು ಕಲಿಯುತ್ತಾರೆ. 1918ರಲ್ಲಿ ಚೀನಾದಲ್ಲಿ ಅಧಿಕೃತವಾದ ಈ ಚಿಹ್ನೆಗಳು ಈಗ ಶಾಲೆಗಳಲ್ಲಿ ಉಳಿದಿರುವುದು ಮುಖ್ಯವಾಗಿ ಈ ದ್ವೀಪದಲ್ಲಿ. ಪುಸ್ತಕದಂಗಡಿಯಲ್ಲಿ ಮಕ್ಕಳ ಪಟವೊಂದನ್ನು ಬಿಡಿಸಿ ನೋಡಿದೆ: ಮೊದಲ ಸಾಲು ತುಟಿಯಲ್ಲಿ ಹುಟ್ಟುವ ಪೊ, ಫೊ, ಮೊ, ಎರಡನೆಯದು ನಾಲಗೆಯ ತುದಿಯ ತ, ಥ, ನ, ಲ, ಮೂರನೆಯದು ಗಂಟಲಿನ ಕ, ಖ, ಹ. ನಮ್ಮದು ಗಂಟಲಿನಿಂದ ಹೊರಟು ತುಟಿಗೆ ಬಂದರೆ, ಅವರದು ತುಟಿಯಿಂದ ಹೊರಟು ಗಂಟಲಿಗೆ ಹೋಗುತ್ತದೆ. ಆ ಪಟ ಈಗ ನನ್ನ ಮೇಜಿನ ಎದುರಿನ ಗೋಡೆಯ ಮೇಲಿದೆ.

ಊಟಕ್ಕೆ ಮರಳೋಣ. ಸ್ವಸ್ತಿಕದ ಗುರುತಿರುವ ಅಂಗಡಿ ಕಂಡರೆ ಧೈರ್ಯವಾಗಿ ಒಳಗೆ ಹೋಗಬಹುದು. ಅದು ಬೌದ್ಧ ಸಸ್ಯಾಹಾರದ ಚಿಹ್ನೆ. ಹಲವು ಕಡೆ ಬೇಕಾದ ಪಲ್ಯಗಳನ್ನು ನಾವೇ ಬಡಿಸಿಕೊಂಡು ತಕ್ಕಡಿಯಲ್ಲಿಟ್ಟರೆ ತೂಕಕ್ಕೆ ಹಣ. ಪೊಟ್ಟಣದ ತಿನಿಸುಗಳ ಮೇಲೆ ಸಸ್ಯಾಹಾರದ ಬಗೆಯನ್ನು ಐದು ವಿಧವಾಗಿ ನಮೂದಿಸುತ್ತಾರೆ: ಶುದ್ಧ ಸಸ್ಯಾಹಾರ, ಮೊಟ್ಟೆ ಇರುವುದು, ಹಾಲು ಇರುವುದು, ಎರಡೂ ಇರುವುದು, ಈರುಳ್ಳಿ ಬೆಳ್ಳುಳ್ಳಿಯಂಥ ಘಾಟಿನ ಪದಾರ್ಥಗಳಿರುವುದು. ಈರುಳ್ಳಿ ಬೆಳ್ಳುಳ್ಳಿ ಮುಟ್ಟದ ನಮ್ಮ ಮನೆಗಳವರಿಗೆ ಇಷ್ಟು ನಿರುಮ್ಮಳವಾಗಿ ತಿನ್ನಬಹುದಾದ ವಿದೇಶ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಮೊದಲ ಬಗೆಯದನ್ನು ಕೇಳಿದರೆ ಸಾಕು. ಒಂದು ತಮಾಷೆಯೆಂದರೆ, ಬೌದ್ಧರು ವರ್ಜಿಸುವ ಐದು ಘಾಟುಗಳ ಹಳೆಯ ಪಟ್ಟಿಯಲ್ಲಿ ಇಂಗೂ ಸೇರಿದೆ. ಈರುಳ್ಳಿ ಬಿಟ್ಟು ಇಂಗಿನ ಒಗ್ಗರಣೆ ಹಾಕಿದ ನಮ್ಮ ಏಕಾದಶಿ ಮರುದಿನದ ಸಾರು ಅಲ್ಲಿನ ಸನ್ಯಾಸಿಗಳ ಪಂಕ್ತಿಯಲ್ಲಿ ನಡೆಯುವುದಿಲ್ಲ.

1738ರಲ್ಲಿ ಸ್ಥಾಪನೆಯಾದ ಲುಂಗ್‌ಶಾನ್ ದೇವಾಲಯದಲ್ಲಿ ಯಾರೂ ಹೊಸ್ತಿಲು ತುಳಿಯುವುದಿಲ್ಲ, ದಾಟುತ್ತಾರೆ. ಇದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಲಿಲ್ಲ. ಒಳಗೆ ಅರ್ಧಚಂದ್ರಾಕಾರದ ಎರಡು ಕೆಂಪು ಮರದ ತುಂಡುಗಳನ್ನು ನೆಲಕ್ಕೆ ಹಾಕಿ ದೇವರ ಅಪ್ಪಣೆ ಕೇಳುತ್ತಾರೆ. ಒಂದು ಬೋರಲಾಗಿ ಇನ್ನೊಂದು ಅಂಗಾತ ಬಿದ್ದರೆ ಅಪ್ಪಣೆಯಾಯಿತು. ಎರಡರ ಉಬ್ಬುಭಾಗವೂ ಮೇಲಾದರೆ ಇಲ್ಲ. ಎರಡರ ಚಪ್ಪಟೆ ಭಾಗವೂ ಮೇಲಾದರೆ ದೇವರು ನಗುತ್ತಿದ್ದಾನೆ, ಪ್ರಶ್ನೆಯನ್ನು ಸರಿಯಾಗಿ ಕೇಳು ಎಂದರ್ಥ. ಬಲಗಡೆಯ ಹೂ ಬೀಳಲೆಂದು ಗರ್ಭಗುಡಿಯ ಮುಂದೆ ಕಾದು ಕುಳಿತವರಿಗೆ ಇದನ್ನು ವಿವರಿಸಬೇಕಿಲ್ಲ, ಆದರೆ ನಮ್ಮ ಹೂಪ್ರಸಾದದಲ್ಲಿ ನಗುವ ದೇವರಿಗೆ ಜಾಗವಿಲ್ಲ. ನನ್ನ ಎದುರಿಗೇ ಒಬ್ಬ ಹುಡುಗಿಗೆ ಎರಡು ಸಲ ಹಾಗೆ ಬಿದ್ದು, ಆಕೆಯೂ ನಕ್ಕು, ತುಟಿಯಲ್ಲೇ ಪ್ರಶ್ನೆ ತಿದ್ದಿಕೊಂಡಳು.

ಉಳಿದವನ್ನು ಬೇಗ ಹೇಳುತ್ತೇನೆ. ಇಳಿದ ಕೂಡಲೇ ಈಜಿಕಾರ್ಡ್ ಕೊಳ್ಳಿ; ಮೆಟ್ರೋ, ಬಸ್ಸು, ಮೂಲೆ ಮೂಲೆಯ ದಿನಸಿ ಅಂಗಡಿ, ಎಲ್ಲಕ್ಕೂ ಅದೇ ಸಾಕು. ಮೆಟ್ರೋದಲ್ಲಿ ನೀರನ್ನೂ ಕುಡಿಯುವಂತಿಲ್ಲ. ದಂಡ 7500 ತೈವಾನ್ ಡಾಲರ್‌ವರೆಗೆ. ಅತಿವೇಗದ ರೈಲು ತಾಸಿಗೆ 300 ಕಿಲೋಮೀಟರ್ ಓಡುತ್ತದೆ, ಆದರೆ ತೈನಾನ್‌ನಂಥ ಊರುಗಳಲ್ಲಿ ಅದರ ನಿಲ್ದಾಣ ಪೇಟೆಯಿಂದ ದೂರ. ತೈಪೆ 101 ಕಟ್ಟಡದ 508 ಮೀಟರ್ ಎತ್ತರಕ್ಕಿಂತ, ಗಾಳಿಗೆ ಕಟ್ಟಡ ತೂಗದಂತೆ ಒಳಗೆ ತೂಗುಹಾಕಿದ 660 ಟನ್ ಗುಂಡು ನೋಡುವಂಥದ್ದು. ತರೋಕೊ ಕಣಿವೆಗೆ 2024ರ ಏಪ್ರಿಲ್ ಭೂಕಂಪ ಬಹಳ ಹಾನಿ ಮಾಡಿರುವುದರಿಂದ ಯಾವ ಹಾದಿ ತೆರೆದಿದೆ ಎಂದು ವಿಚಾರಿಸಿಯೇ ಹೊರಡಿ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಚಂಡಮಾರುತಗಳ ಕಾಲ. ನಾವು ನವೆಂಬರ್‌ನಲ್ಲಿ ಹೋದದ್ದು ಒಳ್ಳೆಯದಾಯಿತು.

ಕೊನೆಯದಾಗಿ, ಅಂಗಡಿಯ ರಸೀದಿಗಳನ್ನು ಬಿಸಾಡಬೇಡಿ. ಜನ ರಸೀದಿ ಕೇಳಿ ಪಡೆಯಲಿ, ವ್ಯಾಪಾರಿಗಳು ತೆರಿಗೆ ತಪ್ಪಿಸದಿರಲಿ ಎಂದು ಅಲ್ಲಿನ ಸರ್ಕಾರ 1951ರಿಂದ ಪ್ರತಿ ರಸೀದಿಯ ಸಂಖ್ಯೆಯನ್ನೂ ಲಾಟರಿ ಚೀಟಿಯನ್ನಾಗಿ ಮಾಡಿದೆ. ಎರಡು ತಿಂಗಳಿಗೊಮ್ಮೆ ಡ್ರಾ, ದೊಡ್ಡ ಬಹುಮಾನ ಒಂದು ಕೋಟಿ ತೈವಾನ್ ಡಾಲರ್, ವಿದೇಶಿಯರಿಗೂ ಹಕ್ಕುಂಟು. ನವೆಂಬರ್ ಡಿಸೆಂಬರ್‌ನ ಸಂಖ್ಯೆಗಳು ಹೊರಬೀಳುವುದು ಜನವರಿ 25ರಂದು. ಮೇಷ್ಟ್ರು ತಮ್ಮ ಪಾಲಿನ ಒಂಬತ್ತು ರಸೀದಿಗಳನ್ನು ಪಂಚಾಂಗದ ನಡುವೆ ಮಡಿಸಿಟ್ಟುಕೊಂಡು ಮೈಸೂರಿಗೆ ಒಯ್ದಿದ್ದಾರೆ.