ಕೊನೆಗೂ ಪಾಸ್ ಕೊಡುವುದು ಕಲಿತೆ ಕಣೋ

ಪ್ರೀತಿಯ ಗೆಳೆಯ,

ಹೇಗಿದ್ದೀಯ? ಮಂಡಿ ಹೇಗಿದೆ? ಹೋದ ಸಲ ಮಾತಾಡಿದಾಗ ಮೆಟ್ಟಿಲು ಹತ್ತುವುದು ಪರವಾಗಿಲ್ಲ, ಇಳಿಯುವುದೇ ಕಷ್ಟ ಅಂದಿದ್ದೆ. ನನಗೂ ಹಾಗೇ ಇತ್ತು. ಇತ್ತು ಅಂತ ಬರೆದೆ ನೋಡು. ಅದಕ್ಕೆ ಆಮೇಲೆ ಬರುತ್ತೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಒಮ್ಮೆ ನಗಲು ಶುರು ಮಾಡಿದರೆ ನಿಲ್ಲಿಸುವುದಿಲ್ಲ. ಪತ್ರವಾದರೆ ನಿನ್ನ ನಗು ನನಗೆ ಕೇಳಿಸುವುದಿಲ್ಲ. ನಮ್ಮ ಹಳೆಯ ತಂಡದವರೂ ಓದಲಿ ಅಂತ ಎಲ್ಲರ ಮುಂದೆಯೇ ಇಡುತ್ತಿದ್ದೇನೆ. ಯಾಕೆಂದರೆ ಕೊನೆಯಲ್ಲಿ ಒಂದು ತಪ್ಪೊಪ್ಪಿಗೆ ಇದೆ, ಅದಕ್ಕೆ ಸಾಕ್ಷಿ ಬೇಕು.

ವಿಷಯ ಇಷ್ಟೇ. ನಾನು ಮತ್ತೆ ಫುಟ್‌ಬಾಲ್ ಆಡುತ್ತಿದ್ದೇನೆ. ಈ 63ನೇ ವಯಸ್ಸಿನಲ್ಲಿ. ನಡೆದುಕೊಂಡು.

ನಕ್ಕು ಮುಗಿಸು. ಕಾಯುತ್ತೇನೆ.

ವಾಕಿಂಗ್ ಫುಟ್‌ಬಾಲ್ ಅಂತ ಇದರ ಹೆಸರು. ನಾನೂ ಮೊದಲ ಸಲ ಕೇಳಿದಾಗ ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. 2011ರಲ್ಲಿ ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್ ಅನ್ನೋ ಊರಿನ ಫುಟ್‌ಬಾಲ್ ಕ್ಲಬ್ಬಿನ ಸಮಾಜಸೇವೆಯ ಟ್ರಸ್ಟಿನವರು, 50 ದಾಟಿದವರಿಗೂ ಏನಾದರೂ ಆಟ ಇರಲಿ ಅಂತ ಶುರು ಮಾಡಿದ್ದಂತೆ. ಅದೇ ದೇಶದವರು 1863ರಲ್ಲಿ ಕೂತು ಫುಟ್‌ಬಾಲಿಗೆ ನಿಯಮ ಬರೆದರು. 148 ವರ್ಷ ಆದ ಮೇಲೆ ಅದಕ್ಕೆ ಇನ್ನೊಂದು ಸೇರಿಸಿದರು: ಓಡಬಾರದು. 2018ರಲ್ಲಿ ಇಂಗ್ಲೆಂಡ್ ಮತ್ತು ಇಟಲಿ ತಂಡಗಳು ಹೀಗೇ ನಡೆದುಕೊಂಡು ಅಂತಾರಾಷ್ಟ್ರೀಯ ಪಂದ್ಯವನ್ನೂ ಆಡಿದವು. ಹಾಗಾಗಿ ಇದು ಮುದುಕರ ಟೈಂಪಾಸ್ ಅಂತ ಜರೆಯಬೇಡ.

ನಿಯಮ ಜಾಸ್ತಿ ಇಲ್ಲ. ಒಂದು ಕಡೆಗೆ ಐದೋ ಆರೋ ಏಳೋ ಜನ. ಚಿಕ್ಕ ಮೈದಾನ, ಚಿಕ್ಕ ಗೋಲು. ಯಾವಾಗಲೂ ಒಂದು ಪಾದ ನೆಲದ ಮೇಲೆ ಇರಲೇಬೇಕು, ಎರಡೂ ಒಟ್ಟಿಗೆ ಎದ್ದರೆ ಅದು ಓಟ. ಮೈಗೆ ಮೈ ತಾಗಿಸುವಂತಿಲ್ಲ. ಚೆಂಡು ತಲೆಗಿಂತ ಮೇಲೆ ಹೋಗುವಂತಿಲ್ಲ, ತಲೆಯಿಂದ ಹೊಡೆಯುವಂತೆಯೂ ಇಲ್ಲ. ಗೋಲು ಕಾಯುವ ಗೋಲಿಯ ಜಾಗದೊಳಗೆ ಅವನನ್ನು ಬಿಟ್ಟು ಬೇರೆ ಯಾರೂ ಕಾಲಿಡುವಂತಿಲ್ಲ, ಗೋಲಿಯೂ ಅಲ್ಲಿಂದ ಹೊರಗೆ ಬರುವಂತಿಲ್ಲ. ಕೆಲವು ಕಡೆ ಒಬ್ಬರು ಮೂರು ಸಲಕ್ಕಿಂತ ಜಾಸ್ತಿ ಚೆಂಡು ಮುಟ್ಟಬಾರದು ಅಂತಲೂ ಇಟ್ಟುಕೊಂಡಿದ್ದಾರೆ. ಅದು ನನ್ನಂಥವರನ್ನು ನೋಡಿಯೇ ಮಾಡಿದ ನಿಯಮ ಇರಬೇಕು.

ಇದರಲ್ಲಿ ಏನು ಕಷ್ಟ, ನಡೆಯುವುದು ಎಲ್ಲರಿಗೂ ಬರುತ್ತದಲ್ಲ ಅಂತ ನೀನು ಕೇಳಬಹುದು. ನಾನೂ ಹಾಗೇ ಅಂದುಕೊಂಡು ಹೋದೆ. ಎದೆ ಉಬ್ಬಿಸಿಕೊಂಡು. ನನ್ನ ಪಾಲಿಗೆ ಬಂದವರನ್ನು ನೋಡಿದೆ. ಒಬ್ಬರಿಗೆ ಹೊಟ್ಟೆ, ಒಬ್ಬರಿಗೆ ಬೊಕ್ಕ ತಲೆ, ಒಬ್ಬರು ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಾರೆ. ಇವರ ಮಧ್ಯೆ ನಾನೇ ರಾಜ ಅಂದುಕೊಂಡೆ. ಕಾಲೇಜಿನ ಎಡ ತುದಿಯ ಆಟಗಾರ, ನೂರು ಮೀಟರಿನಲ್ಲಿ ನನ್ನನ್ನು ಹಿಡಿದವರು ಯಾರಿದ್ದರು ಹೇಳು?

ಆಟ ಶುರುವಾಗಿ ಒಂದು ನಿಮಿಷ ಆಗಿರಲಿಲ್ಲ. ಚೆಂಡು ಯಾರ ಕಾಲಿಗೂ ಸಿಗದೆ ನನ್ನ ಮುಂದೆ ಉರುಳಿತು. ಸೀಟಿ ಬಿತ್ತು. ಯಾಕೆ ಅಂತಲೇ ಗೊತ್ತಾಗಲಿಲ್ಲ. ‘ಓಡಿದಿರಿ’ ಅಂದರು ರೆಫರಿ. ‘ಇಲ್ಲ ಸಾರ್, ನಡೆದೆ’ ಅಂದೆ. ಪಕ್ಕದಲ್ಲಿದ್ದವರೆಲ್ಲ ನಕ್ಕರು. ಹೊಸಬರು ಎಲ್ಲರೂ ಅದನ್ನೇ ಹೇಳುತ್ತಾರಂತೆ, ಮತ್ತು ಯಾರೂ ಸುಳ್ಳು ಹೇಳುತ್ತಿರುವುದಿಲ್ಲವಂತೆ. ನಿಜವಾಗಿಯೂ ನಡೆದೆ ಅಂತಲೇ ಅನ್ನಿಸುತ್ತದೆ. ಹತ್ತು ನಿಮಿಷದೊಳಗೆ ಮೂರು ಸಲ ಸೀಟಿ. ಮೂರನೆಯದಕ್ಕೆ ಎರಡು ನಿಮಿಷ ಗೆರೆಯ ಆಚೆ ನಿಲ್ಲಿಸಿದರು. ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹಾಗೆ. ಕೈ ಎಲ್ಲಿಡಬೇಕು ಅಂತ ತಿಳಿಯಲಿಲ್ಲ.

ಆಮೇಲೆ ಇದರ ಬಗ್ಗೆ ಓದಿದೆ. ಮನುಷ್ಯನ ಮೈಗೆ ಒಂದು ಗಡಿ ಇದೆಯಂತೆ. ಗಂಟೆಗೆ ಸುಮಾರು 7 ಕಿಲೋಮೀಟರ್ ವೇಗ ಬಂದರೆ ಯಾರೂ ಹೇಳದೆಯೇ ಕಾಲು ನಡಿಗೆ ಬಿಟ್ಟು ಓಟಕ್ಕೆ ಬದಲಾಗುತ್ತದೆ. ಅದಕ್ಕಿಂತ ಮೇಲೆ ನಡೆಯುತ್ತಲೇ ಇರಬೇಕಾದರೆ ಓಡುವುದಕ್ಕಿಂತ ಜಾಸ್ತಿ ಶಕ್ತಿ ಬೇಕು. ಈ ಆಟದಲ್ಲಿ ನಾವು ಮತ್ತೆ ಮತ್ತೆ ಹೋಗಿ ನಿಲ್ಲುವುದು ಅದೇ ಗಡಿಯ ಮೇಲೆ. ಕಾಲು ಓಡು ಅನ್ನುತ್ತದೆ, ನಿಯಮ ಬೇಡ ಅನ್ನುತ್ತದೆ. ಅಷ್ಟು ನಿಧಾನದ ಆಟ ಮುಗಿಸಿ ಏದುಸಿರು ಬಿಡುತ್ತಾ ಯಾಕೆ ಕೂತಿದ್ದೇನೆ ಅಂತ ಆಗ ಅರ್ಥವಾಯಿತು.

ಮಂಡಿಯ ವಿಷಯ. ಓಡುವಾಗ ಒಂದೊಂದು ಹೆಜ್ಜೆಗೂ ನೆಲದಿಂದ ಮೈ ತೂಕದ ಎರಡು ಮೂರು ಪಟ್ಟು ಪೆಟ್ಟು ತಿರುಗಿ ಬರುತ್ತದೆ. ನಡೆಯುವಾಗ ತೂಕಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಯಾರೂ ಬಂದು ಗುದ್ದುವುದಿಲ್ಲ, ಜಾರಿ ಬಂದು ಕಾಲು ಹೊಡೆಯುವುದಿಲ್ಲ. ಆಡಲು ಶುರು ಮಾಡಿ ಏಳು ತಿಂಗಳಾಯಿತು, ನನ್ನ ಮಂಡಿ ಮೊದಲಿಗಿಂತ ಸುಮ್ಮನಿದೆ. ನಿನ್ನದೂ ಹಾಗೇ ಆಗುತ್ತದೆ ಅಂತ ನಾನು ಹೇಳಲಾರೆ, ಡಾಕ್ಟರನ್ನು ಕೇಳಿಯೇ ಬಾ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತೀಯಲ್ಲ, ಅದನ್ನೂ ಹೇಳು. ಕೆಲವು ಮಾತ್ರೆಗಳು ಎದೆ ಬಡಿತವನ್ನು ಏರಲು ಬಿಡುವುದಿಲ್ಲ. ನಾಡಿ ಹಿಡಿದು ಲೆಕ್ಕ ಹಾಕಿದರೆ ಏನೂ ಆಗಿಲ್ಲ ಅನ್ನಿಸುತ್ತದೆ, ಮೈ ಮಾತ್ರ ಸುಸ್ತು. ಆಡುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯಾ ಅಂತ ನೋಡಿಕೊಂಡರೆ ಸಾಕು. ನಿನಗಂತೂ ಅದು ಸುಲಭದ ಪರೀಕ್ಷೆ, ಯಾವಾಗ ನೀನು ಮಾತು ನಿಲ್ಲಿಸಿದ್ದೀಯ?

ಪೆಟ್ಟೇ ಆಗುವುದಿಲ್ಲ ಅಂತಲೂ ನಂಬಬೇಡ. ಮೂರನೇ ವಾರ ತಡವಾಗಿ ಹೋದೆ. ಮೈ ಬಿಸಿ ಮಾಡಿಕೊಳ್ಳದೆ ನೇರ ಆಟಕ್ಕಿಳಿದೆ. ಪಟ್ ಅಂತ ತಿರುಗಿದ್ದಕ್ಕೆ ಮೀನಖಂಡ ಹಿಡಿದುಕೊಂಡಿತು. ಒಂದು ತಿಂಗಳು ಮನೆಯಲ್ಲಿ. ನನ್ನದೇ ತಪ್ಪು. ಈ ವಯಸ್ಸಿನಲ್ಲಿ ಹದಿನೈದು ನಿಮಿಷ ಸುಮ್ನೆ ಕಾಲಾಡಿಸಿ, ಒಂಟಿ ಕಾಲಿನ ಮೇಲೆ ನಿಂತು, ಆಮೇಲೆ ಆಡಬೇಕು. ಒಂಟಿ ಕಾಲಿನ ಮೇಲೆ ನಿಲ್ಲುವುದನ್ನು ಮನೆಯಲ್ಲೂ ಮಾಡು. ಬೀಳದೆ ಇರಲು ಇದು ಬೇಕೇ ಬೇಕು. ಮೊದಲ ದಿನ ನನಗೆ ಆರು ಎಣಿಸುವಷ್ಟರಲ್ಲಿ ಕಾಲು ನೆಲಕ್ಕೆ ಬಂದಿತ್ತು.

ಈಗ ಆಟದ ಮಾತಿಗೆ ಬರುತ್ತೇನೆ. ನಿನಗೆ ಹೇಳಬೇಕಾದದ್ದು ನಿಜವಾಗಿ ಇಲ್ಲಿಂದ ಶುರು.

ನಮ್ಮ ಗುಂಪಿನಲ್ಲಿ ಒಬ್ಬರಿದ್ದಾರೆ, 71 ವರ್ಷ. ಪಾಠ ಹೇಳಿ ನಿವೃತ್ತಿಯಾದವರು, ಎಲ್ಲರೂ ಮೇಷ್ಟ್ರೇ ಅಂತ ಕರೆಯುತ್ತೇವೆ. ನಡಿಗೆಯಲ್ಲೂ ಅವರು ನಿಧಾನ. ಆದರೆ ಅವರ ಕಾಲಿನಿಂದ ಚೆಂಡು ಕಿತ್ತುಕೊಳ್ಳಲು ನನಗೆ ಎರಡು ತಿಂಗಳು ಆಗಲಿಲ್ಲ. ಹತ್ತಿರ ಹೋಗುವಷ್ಟರಲ್ಲಿ ಚೆಂಡು ಅವರ ಹತ್ತಿರ ಇರುವುದಿಲ್ಲ. ಬರುವ ಮೊದಲೇ ಯಾರಿಗೆ ಕೊಡಬೇಕು ಅಂತ ತೀರ್ಮಾನ ಆಗಿಬಿಟ್ಟಿರುತ್ತದೆ. ಕೊಟ್ಟ ಮೇಲೆ ನಿಂತು ನೋಡುವುದಿಲ್ಲ, ಎರಡು ಹೆಜ್ಜೆ ಪಕ್ಕಕ್ಕೆ. ಅಷ್ಟೇ ಅವರ ಆಟ. ಕೊಡು, ಎರಡು ಹೆಜ್ಜೆ. ಕೊಡು, ಎರಡು ಹೆಜ್ಜೆ.

ಒಂದು ದಿನ ಅವರನ್ನು ಕೇಳಿಯೇಬಿಟ್ಟೆ. ಅವರು ಲೆಕ್ಕ ಹೇಳಿದರು. ‘ನೀವು ಬೇಗ ಬೇಗ ನಡೆದರೆ ಗಂಟೆಗೆ ಸುಮಾರು 6 ಕಿಲೋಮೀಟರ್. ಅಂದರೆ ಸೆಕೆಂಡಿಗೆ ಒಂದೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ. ನಾನು ಮೆಲ್ಲಗೆ ತಳ್ಳಿದ ಚೆಂಡು ಅದರ ಮೂರು ನಾಲ್ಕು ಪಟ್ಟು ಹೋಗುತ್ತದೆ. ಮತ್ತೆ ನಾನು ಯಾಕೆ ನಡೆಯಬೇಕು?’

ಮನೆಗೆ ಬಂದ ಮೇಲೂ ಆ ಮಾತು ತಲೆಯಲ್ಲೇ ಕೊರೆಯುತ್ತಿತ್ತು. ಓಡುವ ಆಟದಲ್ಲಿ ನಾನು ಎಲ್ಲಿ ನಿಂತಿದ್ದರೂ ನಡೆಯುತ್ತಿತ್ತು. ತಪ್ಪು ಜಾಗದಲ್ಲಿದ್ದರೆ ಓಡಿ ಸರಿಮಾಡಿಕೊಳ್ಳುತ್ತಿದ್ದೆ. ಚೆಂಡು ಕಳಕೊಂಡರೆ ಓಡಿ ಕಿತ್ತುಕೊಂಡು ಬರುತ್ತಿದ್ದೆ. ಕಾಲಿನ ವೇಗ ನನ್ನ ಎಲ್ಲ ತಪ್ಪಿನ ಮೇಲೂ ಚಾದರ ಹೊದಿಸುತ್ತಿತ್ತು. ಇಲ್ಲಿ ಮೂರು ಹೆಜ್ಜೆ ತಪ್ಪಾಗಿ ನಿಂತರೆ ಮುಗಿಯಿತು. ಎದುರಿನವನು ನನ್ನನ್ನು ದಾಟಿ ಹೋಗುತ್ತಾನೆ, ನಾನು ಅವನ ಹಿಂದೆ ನಡೆಯುತ್ತೇನೆ, ಇಬ್ಬರ ಮಧ್ಯೆ ಅದೇ ಮೂರು ಹೆಜ್ಜೆ ಗೋಲಿನವರೆಗೂ ಹಾಗೇ ಉಳಿಯುತ್ತದೆ. ಎಂಥ ಹಿಂಸೆ ಗೊತ್ತಾ ಅದು! ಮಾಡಿದ ತಪ್ಪನ್ನು ಪೂರ್ತಿ ನೋಡುತ್ತಾ ಅದರ ಹಿಂದೆಯೇ ನಡೆದುಕೊಂಡು ಹೋಗಬೇಕು.

ಇನ್ನೊಬ್ಬರು ಹೆಂಗಸು ಬರುತ್ತಾರೆ, 58 ವರ್ಷ. ಇಲ್ಲಿ ಬರುವವರೆಗೆ ಚೆಂಡು ಒದ್ದವರೇ ಅಲ್ಲ. ಈಗ ಜಾಗ ನೋಡಿ ನಿಲ್ಲುವುದರಲ್ಲಿ ಮೇಷ್ಟ್ರನ್ನು ಬಿಟ್ಟರೆ ಅವರೇ. ಅವರು ಒಂದು ಸಲವೂ ಓಡಿ ಸೀಟಿ ಊದಿಸಿಕೊಂಡದ್ದು ನಾನು ನೋಡಿಲ್ಲ. ಅವರಿಗೆ ಕಲಿಯುವುದು ಮಾತ್ರ ಇತ್ತು. ನನಗೆ ಮೊದಲು ಮರೆಯಬೇಕಿತ್ತು, ಮರೆಯುವುದಕ್ಕೇ ನಾಲ್ಕು ತಿಂಗಳು ಹಿಡಿಯಿತು.

ಎಲ್ಲರೂ ಹಾಗೆ ತಣ್ಣಗಿರುತ್ತಾರೆ ಅಂದುಕೊಳ್ಳಬೇಡ. ವಯಸ್ಸಾದರೆ ಬುದ್ಧಿ ಬರುತ್ತದೆ ಅನ್ನುವುದು ಮೈದಾನದ ಹೊರಗಿನ ಮಾತು. ‘ನಾನು ಓಡಲಿಲ್ಲ’ ಅಂತ ಪ್ರತಿ ವಾರ ಒಬ್ಬರಾದರೂ ಜಗಳ ಆಡುತ್ತಾರೆ. ರೆಫರಿ ಬರೀ ಕಾಲು ನೋಡುವುದಿಲ್ಲ, ಮೊಣಕೈ ನೋಡುತ್ತಾರೆ. ಕೈ ಮಡಿಸಿಕೊಂಡು ಬೀಸಲು ಶುರು ಮಾಡಿದರೆ ಕಾಲು ಓಡಲಿದೆ ಅಂತ ಅವರಿಗೆ ಮೊದಲೇ ತಿಳಿಯುತ್ತದೆ. ಒಬ್ಬ ಮಹಾಶಯರು ಅದನ್ನು ಕಂಡುಕೊಂಡು ಕೈ ಹಿಂದೆ ಕಟ್ಟಿಕೊಂಡು ಓಡಿದರು. ಆ ದೃಶ್ಯ ನೀನು ನೋಡಬೇಕಿತ್ತು.

ಸರಿ, ತಪ್ಪೊಪ್ಪಿಗೆ.

ಕಾಲೇಜಿನ ಕೊನೆಯ ವರ್ಷದ ಫೈನಲ್ ನಿನಗೆ ನೆನಪಿಲ್ಲದೆ ಏನು. ಇಬ್ಬರದೂ ಸೊನ್ನೆ, ಆಟ ಮುಗಿಯಲು ನಾಲ್ಕೈದು ನಿಮಿಷ. ನಾನು ಎಡಗಡೆಯಿಂದ ಇಬ್ಬರನ್ನು ದಾಟಿಕೊಂಡು ಬಂದೆ. ನೀನು ಗೋಲಿನ ಆಚೆ ಕಂಬದ ಹತ್ತಿರ ಒಬ್ಬನೇ ನಿಂತಿದ್ದೆ, ಕೈ ಎತ್ತಿಕೊಂಡು. ನಾನು ಮೂರನೆಯವನನ್ನೂ ದಾಟಲು ಹೋದೆ. ಚೆಂಡು ಹೋಯಿತು, ಅವರು ಹಾಗೇ ತೆಗೆದುಕೊಂಡು ಹೋಗಿ ಗೋಲು ಹೊಡೆದರು. ನೀನು ಎಷ್ಟೋ ದಿನ ನನ್ನ ಹತ್ತಿರ ಮಾತಾಡಲಿಲ್ಲ. ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು, ನೀನು ಕಾಣಲಿಲ್ಲ ಅಂತ ಆಗ ಹೇಳಿದೆ. ನಲವತ್ತು ವರ್ಷದಿಂದ ಅದನ್ನೇ ಹೇಳಿಕೊಂಡು ಬಂದಿದ್ದೇನೆ. ನಿನ್ನ ಮಗಳ ಮದುವೆಯಲ್ಲೂ ಅದೇ ಹೇಳಿದೆ.

ನೀನು ಕಂಡಿದ್ದೆ ಕಣೋ. ಚೆನ್ನಾಗಿ ಕಂಡಿದ್ದೆ. ಬಿಸಿಲು ನನ್ನ ಬೆನ್ನಿಗಿತ್ತು.

ಕೊಡಬಾರದು ಅಂತಲೂ ಇರಲಿಲ್ಲ. ಕೊಟ್ಟ ಮೇಲೆ ನಾನು ಏನು ಮಾಡಬೇಕು ಅಂತ ನನಗೆ ಗೊತ್ತಿರಲಿಲ್ಲ, ಅಷ್ಟೇ. ಚೆಂಡು ಕಾಲಲ್ಲಿ ಇದ್ದರೆ ನಾನು ಆಟಗಾರ, ಇಲ್ಲದಿದ್ದರೆ ಸುಮ್ನೆ ಓಡುವವ. ನೀನು ಆಗ ತಂಡದಲ್ಲೇ ನಿಧಾನ. ‘ಎತ್ತಿನ ಗಾಡಿ’ ಅಂತ ನಿನಗೆ ಹೆಸರಿಟ್ಟವನು ನಾನೇ. ಮೇಷ್ಟ್ರು ಆಡುವುದನ್ನು ನೋಡಿದಾಗ ಮೊದಲು ನೆನಪಾದದ್ದು ನೀನು. ಕೊಡು, ಎರಡು ಹೆಜ್ಜೆ. ನೀನು 20ನೇ ವಯಸ್ಸಿನಲ್ಲೇ ಹೀಗೆ ಆಡುತ್ತಿದ್ದೆ. ನಮಗೆ ಯಾರಿಗೂ ಅದು ಕಾಣಿಸಲಿಲ್ಲ, ಯಾಕೆಂದರೆ ನಾವೆಲ್ಲ ನಿನ್ನನ್ನು ದಾಟಿಕೊಂಡು ಓಡುತ್ತಿದ್ದೆವು.

ಹೋದ ವಾರ ಆಟದಲ್ಲಿ ನನಗೆ ಗೋಲು ಎದುರಿಗೇ ಇತ್ತು. ಹೊಡೆದಿದ್ದರೆ ಬೀಳುತ್ತಿತ್ತೋ ಏನೋ. ಬಲಗಡೆ ಆ ಹೆಂಗಸು ಇನ್ನೂ ಒಳ್ಳೆಯ ಜಾಗದಲ್ಲಿದ್ದರು. ಕೊಟ್ಟೆ. ಅವರು ಗೋಲು ತಪ್ಪಿಸಿದರು! ಮೈದಾನದ ಆಚೆಯ ಬೇಲಿಗೆ ಹೊಡೆದರು. ನನಗೆ ಬೇಜಾರೇ ಆಗಲಿಲ್ಲ. ಪಾಸ್ ಚೆನ್ನಾಗಿತ್ತು ಅಂತ ಮೇಷ್ಟ್ರು ತಲೆ ಆಡಿಸಿದರು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಅದಕ್ಕೇ ಕೇಳುತ್ತಿದ್ದೇನೆ, ಒಂದು ಶನಿವಾರ ಬಾ. ಬೆಳಿಗ್ಗೆ ಆರೂವರೆಗೆ ಶುರು, ಕಾಲು ಗಂಟೆ ಮೊದಲೇ ಬರಬೇಕು. ಅಟ್ಟದಲ್ಲಿರುವ ಹಳೆಯ ಬೂಟು ಹುಡುಕಬೇಡ. ನಮ್ಮದು ಕೃತಕ ಹುಲ್ಲು, ಉದ್ದ ಮೊಳೆಯ ಬೂಟು ಅದರಲ್ಲಿ ಸಿಕ್ಕಿಕೊಂಡರೆ ಪಾದ ಅಲ್ಲೇ ನಿಂತು ಮಂಡಿ ತಿರುಗುತ್ತದೆ. ಅಡಿಯಲ್ಲಿ ಸಣ್ಣ ಸಣ್ಣ ಉಬ್ಬು ಇರುವ ಬೂಟು ಬರುತ್ತದೆ, ಅದು ಸಾಕು. ಕಾಲಿಗೆ ಕಟ್ಟುವ ಪ್ಯಾಡು ನನ್ನ ಹತ್ತಿರ ಎರಡು ಜೊತೆ ಇದೆ.

ಎಡಗಡೆ ನಾನಿರುತ್ತೇನೆ. ನೀನು ಅಭ್ಯಾಸಬಲದಿಂದ ಕಂಬದ ಹತ್ತಿರ ಹೋಗಿ ನಿಲ್ಲಬೇಡ, ಇಲ್ಲಿ ಅದು ಗೋಲಿಯ ಜಾಗ, ಕಾಲಿಟ್ಟರೆ ಸೀಟಿ ಬೀಳುತ್ತದೆ. ಗೆರೆಯ ಈಚೆ ನಿಂತು ಕೈ ಎತ್ತು.

ನಿನ್ನ
ಹಳೆಯ ಎಡ ತುದಿಯವ